ಒಂದೇ ಹೆಸರು, ಹತ್ತು ಸ್ಪೆಲಿಂಗು: ಪಟ್ಟೀಲಿ ಜೋಡಿ ಹುಡುಕೋದು ಹೇಗೆ

2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಜರಿದಾಗ ನಾನು ಒಂದು ಪರಿಹಾರ ಕೇಂದ್ರದಲ್ಲಿ ಹೆಸರು ಬರ್ಕೊಳ್ಳೋ ಕೆಲ್ಸಕ್ಕೆ ಕೂತಿದ್ದೆ. ಬೆಳಗ್ಗೆ ಒಬ್ರು ಬರೀತಿದ್ರು ಸಂಜೆ ಇನ್ನೊಬ್ರು, ಜೀಪಲ್ಲಿ ಬಂದವ್ರ ಪಟ್ಟಿ ಬೇರೆ ನೆಂಟರ ಮನೇಗೆ ಹೋದವ್ರ ಪಟ್ಟಿ ಬೇರೆ, ಕೊನೇಗೆ ನಾಲ್ಕು ನೋಟ್‌ಬುಕ್ಕು ಸೇರಿ ಒಂದು ಎಕ್ಸೆಲ್ ಶೀಟಾಯ್ತು. ಅದ್ರಲ್ಲಿ ಒಬ್ಬರ ಹೆಸರು ಮೂರು ಸ್ಪೆಲಿಂಗಲ್ಲಿ ಮೂರು ಸಲ ಇತ್ತು, ಅದು ಯಾರ ಕಣ್ಣಿಗೂ ಬೀಳ್ಲಿಲ್ಲ. ಆದ್ರೆ ಒಂದೇ ಮನೆಯ ಕಾವೇರಪ್ಪ, ಕಾವೇರಮ್ಮ ಅನ್ನೋ ಅಣ್ಣ ತಂಗೀನ ಒಬ್ರೇ ಇರ್ಬೇಕು, ಟೈಪ್ ಮಾಡೋವಾಗ ತಪ್ಪಾಗಿದೆ ಅಂದ್ಕೊಂಡು ನಾವು ಒಂದು ಸಾಲು ಅಳಿಸಿಬಿಟ್ವಿ. ಆ ಹೆಣ್ಮಗಳಿಗೆ ಎರಡು ದಿನ ಕಂಬಳಿ ಸಿಗ್ಲಿಲ್ಲ. ಅದು ಈಗ್ಲೂ ನನ್ನ ಮನಸ್ಸಲ್ಲಿ ಚುಚ್ಚತ್ತೆ. ಆಮೇಲೆ ಕೂತು ಕಲಿತಿದ್ದು ಇದು, ಸಂಘದ ಸದಸ್ಯರ ಪಟ್ಟಿ ಆಗ್ಲಿ, ಒಕ್ಕದ (ಕೊಡವರ ಮನೆತನದ) ವಂಶಾವಳಿ ಆಗ್ಲಿ, ಹಾಕಿ ನಮ್ಮೆಗೆ (ಹಬ್ಬಕ್ಕೆ) ಬರೋ ಟೀಮುಗಳ ಲಿಸ್ಟಾಗ್ಲಿ, ಯಾವುದಕ್ಕಾದ್ರೂ ಬರತ್ತೆ.

ಶುರು ಮಾಡೋಕೆ ಮುಂಚೆ ಒಂದು ಮಾತು. ಯಾರ ಹೆಸರನ್ನೂ ತಿದ್ದಬೇಡಿ. ಅವ್ರು ಹೇಗೆ ಬರ್ದಿದಾರೋ ಆ ಕಾಲಮ್ಮು ಹಾಗೇ ಇರ್ಲಿ, ಅದನ್ನ ಲಾಕ್ ಮಾಡಿ ಇಡಿ. ಪಕ್ಕದಲ್ಲಿ ಇನ್ನೊಂದು ಕಾಲಮ್ಮು ಮಾಡಿ ಅದ್ರಲ್ಲಿ ಮಾತ್ರ ಕಂಪ್ಯೂಟರಿಗೆ ಬೇಕಾದ ರೂಪ ಇಟ್ಕೊಳ್ಳಿ, ಅದಕ್ಕೆ ನಾನು ಮ್ಯಾಚ್ ಕೀ ಅಂತೀನಿ. ಕೀ ಎಷ್ಟೇ ಕುರೂಪ ಆಗಿದ್ರೂ ಪರವಾಗಿಲ್ಲ, ಅದನ್ನ ಯಾರಿಗೂ ತೋರ್ಸಲ್ಲ, ಪ್ರಿಂಟ್ ಮಾಡಲ್ಲ. ಮನೆಹೆಸರು ಅಂದ್ರೆ ನಮ್ಮಲ್ಲಿ ಸುಮ್ನೆ ಅಲ್ಲ, ಒಂದು ದೀರ್ಘ ಹೋದ್ರೆ ಇದು ನಮ್ಮ ಒಕ್ಕ ಅಲ್ಲ ಅಂತ ಜಗಳ ಆಗತ್ತೆ, ಆಗೋದು ನ್ಯಾಯಾನೇ.

ಕೊಡಗಲ್ಲಿ ಈ ಸಮಸ್ಯೆ ಯಾಕೆ ಜಾಸ್ತಿ ಅಂದ್ರೆ, ಕೊಡವ ತಕ್ಕಲ್ಲಿ, ಅಂದ್ರೆ ಕೊಡವ ಭಾಷೇಲಿ, ಕನ್ನಡ ಲಿಪೀಲಿ ನೇರವಾಗಿ ಅಕ್ಷರ ಇಲ್ಲದ ಸ್ವರಗಳಿವೆ, ಅದನ್ನ ಒಬ್ರು ಉ ಹಾಕಿ ಬರೀತಾರೆ, ಒಬ್ರು ಅರ್ಧಾಕ್ಷರಕ್ಕೇ ನಿಲ್ಲಿಸ್ತಾರೆ, ಒಬ್ರು ಇ ಹಾಕ್ತಾರೆ. ನಾಡ್, ನಾಡು ಎರಡೂ ಓಡಾಡತ್ತೆ. ಅದ್ರ ಜೊತೆ ಅರೆಭಾಷೆ ಮಾತಾಡೋರು, ಮಲಯಾಳ ಮಾತಾಡೋರು, ತುಳು ಮಾತಾಡೋರು, ಎಲ್ರೂ ತಮ್ಮ ಕಿವಿಗೆ ಬಿದ್ದ ಹಾಗೆ ಬರೀತಾರೆ. ಸುಗ್ಗಿ ಹಬ್ಬಾನ ಹುತ್ತರಿ ಅಂತ ಕನ್ನಡದವ್ರು ಬರ್ದ್ರೆ ಕೊಡವರು ಪುತ್ತರಿ ಅಂತಾರೆ, ಎರಡೂ ಸರಿ. ಮೇಲಿಂದ 1834ರಿಂದ ಇಂಗ್ಲಿಷರು ಕೂತು ಬರ್ದಿಟ್ಟ ಹೆಸರುಗಳು ಬೇರೆ, ಮಡಿಕೇರಿಗೆ ಮರ್ಕೇರ, ಕುಶಾಲನಗರಕ್ಕೆ ಫ್ರೇಜರ್‌ಪೇಟೆ ಅಂತ. ಇದೆಲ್ಲ ಒಂದೇ ಪಟ್ಟೀಲಿ ಸೇರಿದಾಗ ಕಂಪ್ಯೂಟರಿಗೆ ಎಲ್ಲ ಬೇರೆ ಬೇರೆ.

ಮೊದ್ಲು ಕಣ್ಣಿಗೆ ಕಾಣದ ಕಸ ಗುಡಿಸಿ

ಇದನ್ನ ಬಿಟ್ಟು ಮುಂದೆ ಹೋದವ್ರೆಲ್ಲ ಒದ್ದಾಡ್ತಾರೆ. ಹಳೇ ಫೈಲು ನುಡಿ ಅಥವಾ ಬರಹದ ಹಳೇ ಫಾಂಟಲ್ಲಿ ಇದ್ರೆ ಅದು ಯೂನಿಕೋಡೇ (ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರೋ ಅಕ್ಷರದ ಕೋಡು) ಅಲ್ಲ, ಮೊದ್ಲು ಕನ್ವರ್ಟರಲ್ಲಿ ಹಾಕಿ ಯೂನಿಕೋಡ್ ಮಾಡ್ಕೊಳ್ಳಿ. ಆಮೇಲೆ ನಾರ್ಮಲೈಸೇಶನ್, ಅಂದ್ರೆ ಒಂದೇ ಅಕ್ಷರದ ಬೇರೆ ಬೇರೆ ಕೋಡುಗಳನ್ನ ಒಂದೇ ಮಾಡೋದು. ಕೊಡಗು ಅನ್ನೋ ಪದದ ಮೊದಲ ಅಕ್ಷರಾನೇ ತಗೊಳ್ಳಿ, ಒಕಾರದ ಚಿಹ್ನೆಗೆ ಯೂನಿಕೋಡಲ್ಲಿ ಒಂದೇ ಕೋಡೂ ಇದೆ, ಎಕಾರದ ಚಿಹ್ನೆ ಊಕಾರದ ಚಿಹ್ನೆ ಎರಡು ಸೇರಿಸಿ ಬರೆಯೋ ದಾರೀನೂ ಇದೆ, ಸ್ಕ್ರೀನ್ ಮೇಲೆ ಎರಡೂ ಕೊ ಅಂತಾನೇ ಕಾಣತ್ತೆ ಆದ್ರೆ ಕಂಪ್ಯೂಟರ್ ಇವು ಬೇರೆ ಅನ್ನತ್ತೆ. ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ ಯೂನಿಕೋಡ್‌ಡೇಟಾ ಅನ್ನೋ ಮಾಡ್ಯೂಲ್ ಜೊತೇಲೇ ಬರತ್ತೆ, ಅದ್ರಲ್ಲಿ ಎನ್‌ಎಫ್‌ಸಿ ಅಂತ ಕೊಟ್ರೆ ಎಲ್ಲಾನೂ ಒಂದೇ ರೂಪಕ್ಕೆ ತರತ್ತೆ.

ಇನ್ನೊಂದು ನಮ್ಮಲ್ಲಿ ಮಾಮೂಲಿ ತಪ್ಪು, ಸೊನ್ನೆ. ಅನುಸ್ವಾರ ಹಾಕೋ ಕಡೆ ಕನ್ನಡ ಅಂಕಿ ಸೊನ್ನೆ ಹಾಕಿರ್ತಾರೆ, ಭಾಗಮಂಡಲ ಅಂತ ಓದೋಕೆ ಸಿಗತ್ತೆ ಆದ್ರೆ ಒಳಗೆ ಇರೋದು ಅಂಕಿ. ಎರಡು ಅಕ್ಷರದ ಮಧ್ಯೆ ಕನ್ನಡ ಸೊನ್ನೆ ಸಿಕ್ರೆ ಅದನ್ನ ಅನುಸ್ವಾರ ಮಾಡಿ. ಅರ್ಧಾಕ್ಷರ ಬಿಡಿಸಿ ತೋರ್ಸೋಕೆ ಹಾಕೋ ಕಾಣದ ಜಾಯ್ನರ್, ನಾನ್ ಜಾಯ್ನರ್ ಕೋಡುಗಳನ್ನ ಕೀ ಕಾಲಮ್ಮಿಂದ ತೆಗೀರಿ. ಹೆಸರಿನ ಹಿಂದೆ ಮುಂದೆ ಇರೋ ಸ್ಪೇಸು, ಚುಕ್ಕಿ, ಶ್ರೀ, ಶ್ರೀಮತಿ, ಲೇಟ್ ಇವೂ ತೆಗೀರಿ. ಇಷ್ಟು ಮಾಡಿದ್ರೇನೇ ಎಷ್ಟೋ ಜೋಡಿ ತಾನಾಗೇ ಸೇರ್ಕೊಳ್ಳತ್ತೆ.

ಕೀ ಮಾಡೋದು

ಕೀ ಅಂದ್ರೆ ಕಿವಿಗೆ ಒಂದೇ ಥರ ಕೇಳೋದನ್ನೆಲ್ಲ ಒಂದೇ ಅಕ್ಷರಕ್ಕೆ ಇಳಿಸೋದು. ಈ ಐಡಿಯಾ ಹಳೇದು. ಅಮೆರಿಕದಲ್ಲಿ ರಾಬರ್ಟ್ ರಸೆಲ್, ಮಾರ್ಗರೆಟ್ ಓಡೆಲ್ ಅನ್ನೋರು ಮಾಡಿದ, ಹೆಸರಿನ ಮೊದಲ ಅಕ್ಷರಕ್ಕೆ ಅಂಕಿ ಸೇರ್ಸಿ ಕೋಡು ಮಾಡೋ ಸೌಂಡೆಕ್ಸಿಗೆ 1918 ಮತ್ತು 1922ರಲ್ಲಿ ಪೇಟೆಂಟ್ ಸಿಕ್ಕಿತ್ತು, ಜನಗಣತಿ ಹೆಸರುಗಳನ್ನ ಹುಡುಕೋಕೆ ಅದನ್ನೇ ಬಳಸ್ತಿದ್ರು. ಆದ್ರೆ ಅದು ಇಂಗ್ಲಿಷಿಗೆ ಹೊಲಿದ ಅಂಗಿ. ಜನರಲ್ ತಿಮ್ಮಯ್ಯ ಅವ್ರ ಹೆಸರನ್ನ ಇಂಗ್ಲಿಷಲ್ಲಿ ಹೇಗೆ ಹೇಗೆ ಬರೆದ್ರೂ ಸೌಂಡೆಕ್ಸ್ ಟಿ500 ಅಂತ ಕೊಡತ್ತೆ, ತಿಮ್ಮಪ್ಪ ಅಂದ್ರೆ ಟಿ510, ಅಲ್ಲೀತನಕ ಚೆನ್ನಾಗಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವ್ರ ಹೆಸರಿಗೆ ಬಂದ್ರೆ ಕೈ ಕೊಡತ್ತೆ. ಸಿ ಹಾಕಿ ಬರ್ದ್ರೆ ಸಿ610, ಕೆ ಹಾಕಿ ಬರ್ದ್ರೆ ಕೆ610, ಯಾಕಂದ್ರೆ ಸೌಂಡೆಕ್ಸ್ ಮೊದಲ ಅಕ್ಷರ ಮುಟ್ಟೋದೇ ಇಲ್ಲ. ಕೊಡಗಿನ ಹೆಸರುಗಳಲ್ಲಿ ಸಿ, ಕೆ ಗಲಾಟೆ ಎಷ್ಟಿದೆ ಅಂತ ನಿಮಗೇ ಗೊತ್ತು. ಇಂಗ್ಲಿಷ್ ಪಟ್ಟಿ ಆಗಿದ್ರೆ ಮೊದ್ಲು ಸಿ ಪಕ್ಕ ಹೆಚ್ ಇಲ್ದಿದ್ರೆ ಸಿ ತೆಗ್ದು ಕೆ ಮಾಡಿ, ಟಿಹೆಚ್ ಇದ್ರೆ ಟಿ ಮಾಡಿ, ಎರಡು ಓ ಇದ್ರೆ ಯು ಮಾಡಿ, ಡಬ್ಲ್ಯೂ ಇದ್ರೆ ವಿ ಮಾಡಿ, ಆಮೇಲೆ ಯಾವ ಅಲ್ಗಾರಿದಮ್ ಬೇಕೋ ಓಡ್ಸಿ.

ಕನ್ನಡ ಲಿಪಿಗೆ ನಾನು ಮಾಡ್ಕೊಂಡಿರೋ ಕೀ ಹೀಗೆ. ಮಹಾಪ್ರಾಣ ಎಲ್ಲ ಅಲ್ಪಪ್ರಾಣ ಮಾಡಿ, ಭ ಇದ್ರೆ ಬ, ಠ ಇದ್ರೆ ಟ, ಧ ಇದ್ರೆ ದ. ಶ ಷ ಸ ಮೂರೂ ಸ. ದೀರ್ಘ ಎಲ್ಲ ಹ್ರಸ್ವ. ಐ ಇದ್ರೆ ಅಯ್, ಔ ಇದ್ರೆ ಅವ್. ಕೃ, ಕ್ರಿ, ಕ್ರು ಮೂರೂ ಒಂದೇ. ವರ್ಗದ ಬೇರೆ ಅಕ್ಷರದ ಹಿಂದೆ ಬರೋ ಅರ್ಧ ಅನುನಾಸಿಕ ಅನುಸ್ವಾರ ಆಗ್ಲಿ. ಒತ್ತಕ್ಷರದಲ್ಲಿ ಅದೇ ಅಕ್ಷರ ಎರಡು ಸಲ ಬಂದಿದ್ರೆ ಒಂದೇ ಇಟ್ಕೊಳ್ಳಿ. ಪದದ ಕೊನೇಲಿ ಬರೋ ಉ, ಇ, ಎ, ಅರ್ಧಾಕ್ಷರದ ಚಿಹ್ನೆ ಬಿಟ್ಹಾಕಿ. ಚ, ಜ, ಯ ಆದ್ಮೇಲೆ ಬರೋ ಎ ತೆಗ್ದು ಅ ಮಾಡಿ, ಚೆಂಗಪ್ಪ ಚಂಗಪ್ಪ ಎರಡೂ ಬರೀತಾರಲ್ಲ ಅದಕ್ಕೆ.

ಆರ್ಡರ್ ಮುಖ್ಯ. ಐ ಬಿಡಿಸೋದು ಮೊದ್ಲು, ಜೋಡಿ ಅಕ್ಷರ ತೆಗೆಯೋದು ಆಮೇಲೆ. ಹಾಗಿದ್ರೇನೇ ಐಯಪ್ಪ ಮೊದ್ಲು ಅಯ್ಯಪ್ಪ ಆಗಿ ಆಮೇಲೆ ಅಯಪ ಆಗತ್ತೆ, ಅಯ್ಯಪ್ಪ ಅಂತ ಬರ್ದೋರದ್ದೂ ಅಯಪ ಆಗತ್ತೆ, ಎರಡೂ ಸೇರತ್ತೆ. ಉಲ್ಟಾ ಮಾಡಿದ್ರೆ ಸೇರಲ್ಲ.

ಊರಿನ ಹೆಸರಲ್ಲಿ ನೋಡಿ. ಸುಂಟಿಕೊಪ್ಪ, ಶುಂಠಿಕೊಪ್ಪ ಎರಡೂ ಸುಂಟಿಕೊಪ ಆಗತ್ತೆ. ವಿರಾಜಪೇಟೆ, ವೀರಾಜಪೇಟೆ ಎರಡೂ ವಿರಜಪೆಟ. ವಿರಾಜ್‌ಪೇಟೆ ಅಂತ ಬರ್ದವ್ರದ್ದು ಮಾತ್ರ ಮಧ್ಯದಲ್ಲಿ ಅರ್ಧಾಕ್ಷರದ ಚಿಹ್ನೆ ಉಳ್ಕೊಂಡು ಒಂದು ಹೆಜ್ಜೆ ದೂರ ನಿಲ್ಲತ್ತೆ, ಗೋಣಿಕೊಪ್ಪ ಗೋಣಿಕೊಪ್ಪಲು ಕೂಡ ಹಾಗೇ ಒಂದು ಹೆಜ್ಜೆ ದೂರ. ಅದನ್ನ ಮುಂದಿನ ಹಂತ ಹಿಡಿಯತ್ತೆ. ಕೀ ಒಂದರಲ್ಲೇ ಎಲ್ಲಾ ಹಿಡೀಬೇಕು ಅಂತ ಹೋಗ್ಬೇಡಿ. ನಾನು ಶುರುವಲ್ಲಿ ಳ ತೆಗ್ದು ಲ ಮಾಡಿದ್ದೆ, ಆಗ ಕಾಳಪ್ಪನೂ ಕಲ್ಲಪ್ಪನೂ ಎರಡೂ ಕಲಪ ಆಗಿ ಒಂದಾಗಿಬಿಟ್ರು. ಳ ಲ, ಣ ನ ಇವನ್ನ ಕೀಯಲ್ಲಿ ಬೆರೆಸ್ಬೇಡಿ, ಮುಂದೆ ದೂರ ಅಳೆಯೋವಾಗ ನೋಡ್ಕೊಳ್ಳೋಣ.

ದೂರ ಅಳೆಯೋದು

1964ರಲ್ಲಿ ಫ್ರೆಡರಿಕ್ ಡ್ಯಾಮೆರೋ ಅನ್ನೋರು ಸ್ಪೆಲಿಂಗ್ ತಪ್ಪುಗಳನ್ನ ನೋಡಿ, ಅವುಗಳಲ್ಲಿ 80% ಗಿಂತ ಜಾಸ್ತಿ ನಾಲ್ಕೇ ಥರದ್ದು ಅಂತ ಹೇಳಿದ್ರು, ಒಂದು ಅಕ್ಷರ ಬದಲು, ಒಂದು ಬಿಟ್ಟೋಗೋದು, ಒಂದು ಜಾಸ್ತಿ ಬೀಳೋದು, ಅಕ್ಕಪಕ್ಕದ ಎರಡು ಅದಲುಬದಲು. 1965ರಲ್ಲಿ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಷ್ಟೈನ್ ಸೇರಿಸೋದು, ತೆಗೆಯೋದು, ಬದಲಿಸೋದು ಇವನ್ನ ಎಣಿಸಿ ಎರಡು ಪದದ ದೂರ ಹೇಳೋ ಲೆಕ್ಕ ಕೊಟ್ರು. ಲೆಕ್ಕ ಮಾಡೋದು ಸುಲಭ. ಒಂದು ಪದ ಅಡ್ಡ, ಒಂದು ಪದ ಉದ್ದ ಬರ್ದು ಚೌಕಳಿ ಹಾಕಿ, ಪ್ರತಿ ಚೌಕಕ್ಕೂ ಮೇಲಿಂದ, ಎಡದಿಂದ, ಓರೆಯಿಂದ ಬರೋ ಮೂರು ಖರ್ಚಲ್ಲಿ ಯಾವ್ದು ಕಮ್ಮಿಯೋ ಅದನ್ನ ಬರೀತಾ ಹೋಗಿ, ಕೊನೇ ಮೂಲೇಲಿ ಇರೋದೇ ಉತ್ತರ. ಕೈಯಲ್ಲಿ ಒಂದ್ಸಲ ಮಾಡಿ ನೋಡಿ, ಆಮೇಲೆ ಎಲ್ಲ ಸಲೀಸು.

ಆದ್ರೆ ಇಲ್ಲೇ ಎಲ್ರೂ ಮೋಸ ಹೋಗೋದು. ಕಂಪ್ಯೂಟರ್ ಎಣಿಸೋದು ನಾವು ಹೇಳೋ ಅಕ್ಷರ ಅಲ್ಲ, ಕೋಡು. ತಿಮ್ಮಯ್ಯ ಅನ್ನೋದು ನಮಗೆ ಮೂರು ಅಕ್ಷರ, ಅದಕ್ಕೆ ಎಂಟು. ತಿಮ್ಮಯ್ಯ ಅನ್ನೋದನ್ನ ಅವಸರದಲ್ಲಿ ತಿಮ್ಮಯ ಅಂತ ಬರ್ದ್ರೆ ದೂರ 2. ತಿಮ್ಮಯ್ಯನ ಪಕ್ಕದಲ್ಲಿ ತಿಮ್ಮಪ್ಪ ಇಟ್ರೆ ಅದೂ 2! ಒಂದು ಅದೇ ಮನುಷ್ಯ, ಇನ್ನೊಂದು ಬೇರೆ ಮನುಷ್ಯ, ದೂರ ಮಾತ್ರ ಒಂದೇ. ಕಾವೇರಪ್ಪ ಕಾವೇರಮ್ಮ ಕೂಡ 2, ಪೊನ್ನಪ್ಪ ಪೊನ್ನಮ್ಮ ಕೂಡ 2. 2 ಇದ್ರೆ ಸೇರ್ಸು ಅಂತ ಒಂದು ರೂಲ್ ಹಾಕಿದ್ರೆ ಅರ್ಧ ಊರು ಸೇರ್ಕೊಳ್ಳತ್ತೆ. ನಾವು ಅವತ್ತು ಕಣ್ಣಲ್ಲಿ ಮಾಡಿದ ತಪ್ಪನ್ನೇ ಕಂಪ್ಯೂಟರೂ ಮಾಡತ್ತೆ, ಅದೂ ಕ್ಷಣದಲ್ಲಿ ಸಾವಿರ ಸಲ.

ಅದಕ್ಕೆ ಎರಡು ಕೆಲ್ಸ ಮಾಡಿ. ಒಂದು, ದೂರವನ್ನ ಮೂಲ ಹೆಸರಿನ ಮೇಲೆ ಅಳೀಬೇಡಿ, ಕೀ ಮೇಲೆ ಅಳೀರಿ. ಕೀಯಲ್ಲಿ ತಿಮ್ಮಯ್ಯ, ತಿಮ್ಮಯ ಎರಡೂ ತಿಮಯ, ದೂರ 0. ತಿಮ್ಮಪ್ಪ ತಿಮಪ, ದೂರ 1. ಎರಡು, ಬಾಲಕ್ಕೆ ಕಾವಲು ಹಾಕಿ. ನಮ್ಮ ಹೆಸರುಗಳ ಬಾಲದಲ್ಲಿ ಅಪ್ಪ, ಅಮ್ಮ, ಅಯ್ಯ, ಅಣ್ಣ, ಅವ್ವ ಇರತ್ತಲ್ಲ, ಗಂಡೋ ಹೆಣ್ಣೋ ಯಾರ ಹೆಸರೋ ಅನ್ನೋದೆಲ್ಲ ಅಲ್ಲೇ ಇರೋದು. ಕೀಯ ಕೊನೇ ವ್ಯಂಜನ ಬೇರೆ ಆಗಿದ್ರೆ ದೂರ ಎಷ್ಟೇ ಕಮ್ಮಿ ಇದ್ರೂ ಸೇರಿಸಬಾರದು ಅಂತ ಕಟ್ಟುನಿಟ್ಟಾಗಿ ಹಾಕಿ. ಮನುಷ್ಯರ ಹೆಸರಿಗೆ ಮಾತ್ರ ಇದು, ಊರಿಗೆ ಹಾಕಿದ್ರೆ ಗೋಣಿಕೊಪ್ಪಲು ಸೇರಲ್ಲ. ಈ ಒಂದು ರೂಲ್ ಅವತ್ತು ಇದ್ದಿದ್ರೆ ಆ ಸಾಲು ಅಳಿಸ್ತಿರ್ಲಿಲ್ಲ.

ಇನ್ನು ಬೆಲೆ. ಎಲ್ಲ ಬದಲಾವಣೆಗೂ 1 ಅಂತ ಎಣಿಸೋದು ನಮ್ಮ ಭಾಷೆಗೆ ಅನ್ಯಾಯ. ಳ ಬದ್ಲು ಲ, ಣ ಬದ್ಲು ನ ಬಂದ್ರೆ ನಾನು 0.3 ಹಾಕ್ತೀನಿ. ಪ ಬದ್ಲು ಹ ಬಂದ್ರೆ 0.4, ಪುತ್ತರಿ ಹುತ್ತರಿ ಅದ್ರಲ್ಲಿ ಹತ್ರ ಬರತ್ತೆ. ವ ಬದ್ಲು ಬ ಬಂದ್ರೆ 0.5. ಮಧ್ಯದಲ್ಲಿ ಅರ್ಧಾಕ್ಷರದ ಚಿಹ್ನೆ ಹೋದ್ರೆ, ಬಂದ್ರೆ, ಇ ಅಥವಾ ಉ ಆದ್ರೆ 0.3. ಕಾರ್ಯಪ್ಪ ಕಾರಿಯಪ್ಪ ಇದ್ರಲ್ಲೇ ಸಿಗೋದು, ಯಾಕಂದ್ರೆ ಕೀಯಲ್ಲಿ ಕರ್ಯಪ, ಕರಿಯಪ ಅಂತ ಒಂದೇ ಚಿಹ್ನೆ ವ್ಯತ್ಯಾಸ. ಬೇರೆ ಯಾವ ವ್ಯಂಜನ ಬದಲಾದ್ರೂ ಪೂರ್ತಿ 1. ಈ ನಂಬರುಗಳನ್ನ ನಾನು ನನ್ನ ಪಟ್ಟೀಲಿ ಹಾಕಿ ತೆಗ್ದು ನೋಡಿ ಇಟ್ಕೊಂಡಿದ್ದು, ನಿಮ್ಮ ಪಟ್ಟಿ ನೋಡಿ ನೀವು ಬದಲಿಸ್ಕೊಳ್ಳಿ. ಸೋಮವಾರಪೇಟೆ ಕಡೆ ಪಟ್ಟಿಗೂ ಕುಟ್ಟ, ಬಿರುನಾಣಿ ಕಡೆ ಪಟ್ಟಿಗೂ ತಪ್ಪುಗಳ ರೀತಿ ಬೇರೆ ಇರತ್ತೆ.

ಒಕ್ಕದ ಹೆಸರು ಬೇರೆ, ಕರೆಯೋ ಹೆಸರು ಬೇರೆ ಮಾಡಿ

ಜಾರೋ ವಿಂಕ್ಲರ್ ಅಂತ ಇನ್ನೊಂದು ಅಳತೆ ಇದೆ, ಅಮೆರಿಕದ ಜನಗಣತಿ ಕೆಲಸದಿಂದಾನೇ ಬಂದಿದ್ದು, ಹೆಸರು ಹೋಲಿಸೋಕೆ ಇದೇ ಬೆಸ್ಟ್ ಅಂತ ಎಲ್ರೂ ಹೇಳ್ತಾರೆ. ಅದು ಶುರುವಿನ 4 ಅಕ್ಷರದ ತನಕ ಒಂದೇ ಇದ್ರೆ ಬೋನಸ್ ಮಾರ್ಕ್ಸ್ ಕೊಡತ್ತೆ. ನಮ್ಮಲ್ಲಿ ಶುರುವಲ್ಲಿ ಇರೋದೇ ಮನೆಹೆಸರು! ಕೊಡಂದೇರ ಕಾರ್ಯಪ್ಪ, ಕೊಡಂದೇರ ತಿಮ್ಮಯ್ಯ ಇಬ್ರಿಗೂ ಬೋನಸ್ ಸಿಗತ್ತೆ, ಒಂದೇ ಒಕ್ಕದ ನಲವತ್ತು ಜನರೂ ಒಬ್ರಿಗೊಬ್ರು ತುಂಬಾ ಹತ್ರ ಅಂತ ರಿಸಲ್ಟ್ ಬರತ್ತೆ. ಅದಕ್ಕೆ ಹೆಸರನ್ನ ಮೂರು ಕಾಲಮ್ ಮಾಡಿ, ಒಕ್ಕ, ತಂದೆ, ಸ್ವಂತ ಹೆಸರು. ಒಕ್ಕಕ್ಕೆ ಒಕ್ಕ ಹೋಲ್ಸಿ, ಅಲ್ಲಿ ಕೊಡಂದೇರ, ಕೊಡಂದೆರ, ಕೋಡಂದೇರ ಮೂರೂ ಕೀಯಲ್ಲೇ ಒಂದಾಗತ್ತೆ. ಆಮೇಲೆ ಸ್ವಂತ ಹೆಸರಿಗೆ ಸ್ವಂತ ಹೆಸರು. ಮೂರಕ್ಕೂ ಬೇರೆ ಬೇರೆ ಮಾರ್ಕ್ಸ್ ಬರ್ಲಿ, ಒಟ್ಟು ಮಾರ್ಕ್ಸ್ ನೋಡಿ ಮೋಸ ಹೋಗ್ಬೇಡಿ.

ಇನಿಶಿಯಲ್ ಮಾತ್ರ ಇದ್ರೆ ಇನಿಶಿಯಲ್ ಹೊಂದುತ್ತಾ ಅಂತ ಅಷ್ಟೇ ನೋಡಿ. ಸಿ ಅಂತ ಇದ್ರೆ ಅದು ಚ ಆಗಿರ್ಬಹುದು ಕ ಆಗಿರ್ಬಹುದು, ಎರಡಕ್ಕೂ ಬಿಡಿ. ಹೊಂದಿದ್ರೆ ಪರವಾಗಿಲ್ಲ ಅನ್ನೋದು ಬೇರೆ, ಅದನ್ನ ಸಾಕ್ಷಿ ಅನ್ನೋದು ಬೇರೆ. ಅಜ್ಜನ ಹೆಸರನ್ನ ಮೊಮ್ಮಗನಿಗೆ ಇಡೋ ಪದ್ಧತಿ ಇರೋ ಊರಲ್ಲಿ ಒಂದೇ ಒಕ್ಕದಲ್ಲಿ ಒಂದೇ ಹೆಸರಿನವ್ರು ಇಬ್ರು ಇದ್ದೇ ಇರ್ತಾರೆ, ಹಾಗಾಗಿ ಊರು, ಹುಟ್ಟಿದ ವರ್ಷ, ಫೋನಿನ ಕೊನೇ ನಾಲ್ಕು ನಂಬರ್, ಏನಾದ್ರೂ ಎರಡನೇ ಗುರುತು ಹೊಂದದೆ ಯಾರನ್ನೂ ಸೇರಿಸ್ಬೇಡಿ.

ಅಲ್ಗಾರಿದಮ್ಮಿಗೆ ಗೊತ್ತಾಗದ್ದು

ಮಡಿಕೇರಿ, ಮರ್ಕೇರ ದೂರವನ್ನ ಕೀ ಮಾಡದೆ ಬರ್ದಿರೋ ಹಾಗೇ ಅಳೀರಿ, 3 ಬರತ್ತೆ. ಮಡಿಕೇರಿ, ಹುದಿಕೇರಿ ಅಳೀರಿ, ಅದೂ 3. ಶೇಕಡಾ ಎಷ್ಟು ಹೋಲತ್ತೆ ಅಂತ ಲೆಕ್ಕ ಹಾಕಿದ್ರೆ ಇನ್ನೂ ಅನ್ಯಾಯ, ಮರ್ಕೇರ 57%, ಹುದಿಕೇರಿ 62.5%. ಮಡಿಕೇರಿಯವ್ರಿಗೆ ಹುದಿಕೇರೀನೇ ತಮ್ಮೂರು ಅಂತ ಹೇಳ್ದ ಹಾಗಾಯ್ತು. ಕುಶಾಲನಗರಕ್ಕೆ ಫ್ರೇಜರ್‌ಪೇಟೆ ಅಂತಿದ್ರು ಅನ್ನೋದು ಯಾವ ಗಣಿತಕ್ಕೂ ಸಿಗಲ್ಲ. ಇಂಥದ್ದಕ್ಕೆ ಕೈಯಿಂದಾನೇ ಒಂದು ಪಟ್ಟಿ ಮಾಡ್ಬೇಕು, ಎಡಕ್ಕೆ ಹಳೇ ಅಥವಾ ಬೇರೆ ಹೆಸರು, ಬಲಕ್ಕೆ ನೀವು ಇಟ್ಕೊಳ್ಳೋ ಹೆಸರು. ಕೊಡಗಿನ ಊರುಗಳಿಗೆ ಒಂದು ಸಂಜೆ ಕೂತ್ರೆ ಸಾಕು. ದೂರ ಅಳೆಯೋ ಮೊದ್ಲೇ ಈ ಪಟ್ಟೀಲಿ ಹುಡುಕ್ಸಿ, ಸಿಕ್ರೆ ಅಲ್ಲಿಗೇ ಮುಗೀತು.

ಯಾವುದ್ರಲ್ಲಿ ಮಾಡೋದು

ಪಟ್ಟಿ ಚಿಕ್ಕದು, ನೂರಿನ್ನೂರು ಸಾಲು ಅಂದ್ರೆ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ಸಬ್‌ಸ್ಟಿಟ್ಯೂಟ್ ಫಾರ್ಮುಲಾ ಒಂದರೊಳಗೊಂದು ಹಾಕಿ ಕೀ ಕಾಲಮ್ ಮಾಡಿ, ಆ ಕಾಲಮ್ ಮೇಲೆ ಸಾರ್ಟ್ ಹೊಡೀರಿ, ಅಕ್ಕಪಕ್ಕ ಬಂದು ಕೂತಿರೋದನ್ನ ಕಣ್ಣಲ್ಲಿ ನೋಡಿ. ಕೋಡಿಂಗ್ ಬರಲ್ಲ ಆದ್ರೆ ಪಟ್ಟಿ ದೊಡ್ಡದು ಅಂದ್ರೆ ಓಪನ್‌ರಿಫೈನ್ ಹಾಕ್ಕೊಳ್ಳಿ, ಫ್ರೀ, ನಿಮ್ಮ ಲ್ಯಾಪ್‌ಟಾಪಲ್ಲೇ ಓಡತ್ತೆ, ಜನರ ಮಾಹಿತಿ ಹೊರಗೆ ಹೋಗಲ್ಲ, ಕಕ್ಕಡ ಮಾಸದ ಮಳೇಲಿ ನೆಟ್ ಇಲ್ದಿದ್ರೂ ಕೆಲ್ಸ ನಿಲ್ಲಲ್ಲ. ಅದ್ರಲ್ಲಿ ಕ್ಲಸ್ಟರ್ ಅಂತ ಆಪ್ಶನ್ ಇದೆ, ಒಂದೇ ಥರದ ಹೆಸರುಗಳನ್ನ ಗುಂಪು ಮಾಡತ್ತೆ. ಫಿಂಗರ್‌ಪ್ರಿಂಟ್ ಅನ್ನೋದು ಪದಗಳ ಆರ್ಡರ್ ಬೇರೆ ಆಗಿದ್ರೂ ಹಿಡಿಯತ್ತೆ, ತಂದೆ ಹೆಸರು ಹಿಂದೆ ಮುಂದೆ ಆಗಿರೋರಿಗೆ ಒಳ್ಳೇದು. ನಿಯರೆಸ್ಟ್ ನೈಬರ್ ಅಂತ ಹಾಕಿ ಲೆವೆನ್‌ಷ್ಟೈನ್ ಆರಿಸಿ, ಆದ್ರೆ ಬ್ಲಾಕ್ ಕ್ಯಾರೆಕ್ಟರ್ಸ್, ಅಂದ್ರೆ ಹೋಲಿಸೋಕೆ ಮುಂಚೆ ಒಂದೇ ಇರ್ಬೇಕಾದ ಅಕ್ಷರಗಳ ಲೆಕ್ಕ, ಅಲ್ಲಿ 6 ಇರತ್ತೆ, ನಮ್ಮ ಕೀಗಳು ಚಿಕ್ಕವು, ಅದನ್ನ 2 ಅಥವಾ 3 ಮಾಡಿ, ಇಲ್ದಿದ್ರೆ ಏನೂ ಸಿಗಲ್ಲ. ಮೆಟಾಫೋನ್ ಥರದ್ದೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಮಾಡಿದ್ದು, ಕನ್ನಡ ಕಾಲಮ್ ಮೇಲೆ ಹಾಕ್ಬೇಡಿ. ಪೈಥಾನ್ ಬರೋರಿಗೆ ರ‍್ಯಾಪಿಡ್‌ಫಜ್ ಲೈಬ್ರರಿ ಇದೆ, ಬಹಳ ಫಾಸ್ಟು, ಅಕ್ಷರಕ್ಕೊಂದು ಬೆಲೆ ಹಾಕೋ ಭಾಗ ಮಾತ್ರ ನೀವೇ ಚೌಕಳಿ ಲೆಕ್ಕ ಬರೀಬೇಕು, ಇಪ್ಪತ್ತು ಮೂವತ್ತು ಸಾಲಿನ ಕೆಲ್ಸ.

3000 ಹೆಸರು ಇದ್ರೆ ಎಲ್ರನ್ನೂ ಎಲ್ರ ಜೊತೆ ಹೋಲ್ಸೋಕೆ 44,98,500 ಜೋಡಿ ಆಗತ್ತೆ. ಮೊದ್ಲು ಊರಿನ ಕೀ ಪ್ರಕಾರ ಗುಂಪು ಮಾಡಿ, 30 ಊರಿಗೆ ನೂರು ನೂರು ಜನ ಅಂದ್ಕೊಳ್ಳಿ, ಆಗ 1,48,500 ಜೋಡಿ ಅಷ್ಟೇ. ಸಮಯ ಉಳಿಯೋದಲ್ದೆ ಸುಳ್ಳು ಜೋಡೀನೂ ಕಮ್ಮಿ ಬರತ್ತೆ. ಆದ್ರೆ ಊರೇ ತಪ್ಪು ಬರ್ದಿರೋರು ಕೈ ಬಿಟ್ಟು ಹೋಗ್ತಾರೆ, ಅದಕ್ಕೆ ಎರಡನೇ ಸಲ ಒಕ್ಕದ ಕೀ ಪ್ರಕಾರ ಗುಂಪು ಮಾಡಿ ಇನ್ನೊಂದು ರೌಂಡ್ ಓಡ್ಸಿ.

ಎಷ್ಟು ದೂರದ ತನಕ ಒಪ್ಕೋಬೇಕು ಅನ್ನೋದನ್ನ ಊಹೆ ಮಾಡ್ಬೇಡಿ. ನೂರು ಜೋಡಿ ತೆಗ್ದು, ಅದ್ರಲ್ಲಿ ಸುಲಭದ್ದೂ ಕಷ್ಟದ್ದೂ ಇರ್ಲಿ, ನೀವೇ ಕೈಯಲ್ಲಿ ಒಂದೇ ಅಥವಾ ಬೇರೆ ಅಂತ ಬರೀರಿ. ಆಮೇಲೆ ಕಂಪ್ಯೂಟರ್ ಹೇಳಿದ್ದನ್ನ ಪಕ್ಕದಲ್ಲಿ ಇಟ್ಟು ಎರಡು ಎಣಿಕೆ ಮಾಡಿ, ಬೇರೆಯವ್ರನ್ನ ಸೇರಿಸಿದ್ದು ಎಷ್ಟು, ಒಬ್ರನ್ನೇ ಸೇರಿಸದೆ ಬಿಟ್ಟಿದ್ದು ಎಷ್ಟು. ಮಿತಿ ಸಡಿಲ ಮಾಡಿದ್ರೆ ಮೊದಲನೇದು ಏರತ್ತೆ, ಬಿಗಿ ಮಾಡಿದ್ರೆ ಎರಡನೇದು. ಪಟ್ಟಿ ಯಾತಕ್ಕೆ ಅನ್ನೋದ್ರ ಮೇಲೆ ನಿರ್ಧಾರ ಮಾಡಿ. ಕಂಬಳಿ ಹಂಚೋ ಪಟ್ಟಿ ಆದ್ರೆ ಒಬ್ರಿಗೆ ಎರಡು ಹೋದ್ರೂ ಪರವಾಗಿಲ್ಲ, ಒಬ್ರಿಗೂ ತಪ್ಪಬಾರದು, ಬಿಗಿಯಾಗೇ ಇಡಿ. ಹಳೇ ಕಾಗದದಲ್ಲಿ ಅಜ್ಜನ ಹೆಸರು ಹುಡುಕ್ತಿದೀರಿ ಅಂದ್ರೆ ಸಡಿಲ ಬಿಡಿ, ನೂರು ಸುಳ್ಳು ಬಂದ್ರೂ ಒಂದು ನಿಜ ಸಿಗ್ಲಿ.

ಸೇರಿಸೋವಾಗ ಯಾವ ಸಾಲನ್ನೂ ಡಿಲೀಟ್ ಮಾಡ್ಬೇಡಿ. ಒಬ್ರೇ ಅಂತ ಅನ್ಸಿದ ಸಾಲುಗಳಿಗೆಲ್ಲ ಒಂದೇ ಗುಂಪು ನಂಬರ್ ಕೊಡಿ ಅಷ್ಟೇ, ನಾಳೆ ತಪ್ಪು ಅಂತ ಗೊತ್ತಾದ್ರೆ ನಂಬರ್ ಬದಲಿಸಿದ್ರೆ ಮುಗೀತು. ಕೊನೇಗೆ ಮಧ್ಯದಲ್ಲಿ ನೇತಾಡೋ ಜೋಡಿಗಳು ಒಂದಷ್ಟು ಉಳಿಯತ್ತೆ, ಹೌದು ಅನ್ನೋಕೂ ಆಗಲ್ಲ ಅಲ್ಲ ಅನ್ನೋಕೂ ಆಗಲ್ಲ. ಅವನ್ನ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗ್ದು ಆಯಾ ಊರಿನ ಹಿರಿಯರ ಹತ್ರ ತಗೊಂಡೋಗಿ, ಸಂಜೆ ಕಾಫಿ ಹೊತ್ತಿಗೆ ಹೋದ್ರೆ ಪುರುಸೊತ್ತಲ್ಲಿ ಹೇಳ್ತಾರೆ. ಕಾಗದ ಕೊಟ್ಟು ಓದಿ ಅನ್ನಬೇಡಿ, ನೀವೇ ಜೋರಾಗಿ ಓದಿ, ಇವ್ರಿಬ್ರೂ ಒಬ್ರೇನಾ ಬೇರೆನಾ ಅಂತ ಕೇಳಿ, ಅವ್ರು ಹೇಳಿದ ಉತ್ತರ, ತಾರೀಕು ಎರಡನ್ನೂ ಪಕ್ಕದ ಕಾಲಮ್ಮಲ್ಲಿ ಅಲ್ಲೇ ಬರ್ಕೊಳ್ಳಿ.